ಬಳ್ಳಾರಿ ಬಿಸಿಲಿಗೆ ಯಾವ ಡೆವಲಪರ್?

ಕಪ್ಪು-ಬಿಳುಪು ಕಾಗದವನ್ನು ರೋಲರುಗಳ ನಡುವೆ ಎಳೆದುಕೊಂಡು ತಾನೇ ತೊಳೆದು ಹೊರಹಾಕುವ ಮಷೀನುಗಳು ಬಂದದ್ದು ತಂಪು ದೇಶಗಳಿಂದ. ಸ್ವಿಚ್ ಹಾಕಿ, ದ್ರಾವಣ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರುವವರೆಗೆ ಕಾದು, ಆಮೇಲೆ ಮೊದಲ ಕಾಗದ ಬಿಡಬೇಕು ಎನ್ನುವುದು ಅವುಗಳ ಪಾಠ. ಮೇ ತಿಂಗಳ ಬಳ್ಳಾರಿಯಲ್ಲಿ ಕಾಯುವ ಪ್ರಮೇಯವೇ ಇಲ್ಲ. ಹೊರಗೆ 40 ದಾಟಿರುತ್ತದೆ. ಆರ್‌ಸಿಸಿ ಚಾವಣಿಯ ಕೆಳಗೆ, ಕಿಟಕಿಗೆ ಕರಿ ಬಟ್ಟೆ ಹೊಡೆದ ಕೋಣೆಯಲ್ಲಿ ಮಷೀನಿನ ತೊಟ್ಟಿಯೊಳಗಿನ ಡೆವಲಪರ್ ಯಾರ ಹಂಗೂ ಇಲ್ಲದೆ ಬಿಸಿಯಾಗಿ ಕೂತಿರುತ್ತದೆ. ಸಣ್ಣ ಮಷೀನುಗಳಲ್ಲಿ ಬಿಸಿ ಮಾಡಲು ಹೀಟರ್ ಇರುತ್ತದೆ, ತಂಪು ಮಾಡಲು ಏನೂ ಇರುವುದಿಲ್ಲ. ಹೀಟರಿನ ದೀಪ ಹತ್ತುವುದೇ ಇಲ್ಲ, ಆದರೂ ದ್ರಾವಣ 38ಕ್ಕೋ 39ಕ್ಕೋ ನಿಂತಿರುತ್ತದೆ. ಈ ಊರಿನಲ್ಲಿ ಮಷೀನಿಗೆ ಡೆವಲಪರ್ ಆರಿಸುವವರು ಪೊಟ್ಟಣದ ಮೇಲಿನ ಹೊಗಳಿಕೆ ಓದುವ ಮೊದಲು ಥರ್ಮಾಮೀಟರ್ ನೋಡುವುದು ಒಳ್ಳೆಯದು.

ಡಿಜಿಟಲ್ ಕಾಲದಲ್ಲಿ ಇದೆಂಥ ಚಿಂತೆ ಎಂದು ಯಾರಾದರೂ ಕೇಳಬಹುದು. ಕೊಡಾಕ್ 2005ರಲ್ಲೇ ಕಪ್ಪು-ಬಿಳುಪು ಕಾಗದ ತಯಾರಿಸುವುದನ್ನು ನಿಲ್ಲಿಸಿತು, ಅದೇ ವರ್ಷ ಆಗ್ಫಾಫೋಟೊ ದಿವಾಳಿಯಾಯಿತು. ನಮ್ಮದೇ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಅದಕ್ಕೂ ಮೊದಲೇ ಮಲಗಿತ್ತು. ತಂಪು ಹವೆ, ಧೂಳಿಲ್ಲದ ಗಾಳಿ, ಶುದ್ಧ ನೀರು ನೋಡಿ 1960ರಲ್ಲಿ ಊಟಿಯಲ್ಲಿ ಶುರು ಮಾಡಿದ ಕಾರ್ಖಾನೆ ಅದು. 'ಇಂದು' ಎಂಬ ಅದರ ಹೆಸರು ಒಂದು ಕಾಲಕ್ಕೆ ಸಣ್ಣ ಊರುಗಳ ಸ್ಟುಡಿಯೋಗಳಲ್ಲೂ ಪರಿಚಿತ. ಆದರೂ ಇಂಗ್ಲೆಂಡಿನ ಇಲ್ಫರ್ಡ್, ಜೆಕ್ ದೇಶದ ಫೋಮಾ ಇಂದಿಗೂ ಕಾಗದ ಮಾಡುತ್ತಿವೆ. ನೆಗೆಟಿವ್ ಪೆಟ್ಟಿಗೆ ಎಸೆಯದೆ ಉಳಿಸಿಕೊಂಡ ಮನೆಗಳೂ ಸ್ಟುಡಿಯೋಗಳೂ ಇವೆ. ಕತ್ತಲ ಕೋಣೆಯ ಕೆಲಸ ಕಲಿಯಬೇಕೆಂಬ ಹೊಸ ಹುಡುಗರೂ ಇದ್ದಾರೆ. ಹಳೆಯ ಲ್ಯಾಬ್ ಮುಚ್ಚಿದಾಗ ಗುಜರಿ ಬೆಲೆಗೆ ಸಿಕ್ಕ ರೋಲರ್ ಮಷೀನ್ ಮನೆಗೆ ತಂದವರ ಮೊದಲ ಪ್ರಶ್ನೆಯೇ ಇದು: ಒಳಗೆ ಏನು ಸುರಿಯಲಿ?

ನಮ್ಮ ಕಡೆಯ ಸ್ಟುಡಿಯೋಗಳ ಕೆಲಸವೆಲ್ಲ ನಡೆದದ್ದು ಟ್ರೇಯಲ್ಲಿ. ಮೂರು ಟ್ರೇ, ಒಂದು ಕೆಂಪು ಬಲ್ಬು, ಒಂದು ಎನ್‌ಲಾರ್ಜರ್. ಕಾಗದ ತೊಳೆಯುವ ಮಷೀನು ಅವರ ಲೆಕ್ಕಕ್ಕೆ ಹೊಂದುವಂಥದ್ದಾಗಿರಲಿಲ್ಲ. ಮಷೀನ್ ನಿಜಕ್ಕೂ ದುಡಿದದ್ದು ಬೇರೆ ಕಡೆ. ಲೋಹದ ಮೊಳೆ ಜೋಡಿಸುವುದು ನಿಂತು ಫೋಟೊ ಅಕ್ಷರ ಜೋಡಣೆ ಬಂದಾಗ ಪತ್ರಿಕೆಗಳಲ್ಲಿ, ದೊಡ್ಡ ಮುದ್ರಣಾಲಯಗಳಲ್ಲಿ ಕನ್ನಡದ ಅಂಕಣಗಳು ಉದ್ದುದ್ದ ಬ್ರೋಮೈಡ್ ಕಾಗದದ ಮೇಲೆ ಮೂಡಿ, ರೋಲರ್ ಪ್ರೊಸೆಸರಿನಿಂದ ಹೊರಬರುತ್ತಿದ್ದವು. ಅದನ್ನು ಕತ್ತರಿಸಿ, ಮೇಣ ಅಥವಾ ಗೋಂದು ಹಚ್ಚಿ ಪುಟ ಕಟ್ಟುತ್ತಿದ್ದರು. ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಫಿಲ್ಮಿಗೂ ಇಂಥದೇ ಯಂತ್ರ. ಕೊಡಾಕ್ 1956ರಲ್ಲಿ ತಂದ ಎಕ್ಸ್‌ರೇ ರೋಲರ್ ಪ್ರೊಸೆಸರ್ ಒಂದು ಫಿಲ್ಮಿಗೆ ಆರು ನಿಮಿಷ ತೆಗೆದುಕೊಳ್ಳುತ್ತಿತ್ತು, 1965ರ ಹೊತ್ತಿಗೆ ಅದು 90 ಸೆಕೆಂಡಿಗೆ ಇಳಿಯಿತು. ಎರಡೂ ಕಡೆ ಸಾಮಾನ್ಯವಾದದ್ದು ಒಂದೇ: ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮನೆ ಕೆಲಸ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಡೆವಲಪರಿನ ಆಯ್ಕೆ ಇದರ ಸುತ್ತಲೇ ತಿರುಗುತ್ತದೆ.

ಕಾಗದದ ಮೇಲೆ ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಕರಿ ಬೆಳ್ಳಿಯಾಗಿಸುವುದು ಡೆವಲಪರಿನ ಕೆಲಸ. ಟ್ರೇಯಲ್ಲಿ ಕಣ್ಣು ಕಾವಲಿರುತ್ತದೆ. ಚಿತ್ರ ನಿಧಾನವಾಗಿ ಮೂಡಿದರೆ ಇನ್ನೊಂದು ಅರ್ಧ ನಿಮಿಷ ಬಿಡುತ್ತೀರಿ, ದ್ರಾವಣ ಸೋತಂತೆ ಕಂಡರೆ ಚೆಲ್ಲಿ ಹೊಸದು ಹಾಕುತ್ತೀರಿ. ಮಷೀನಿಗೆ ಕಣ್ಣಿಲ್ಲ. ರೋಲರ್ ತಿರುಗುವ ವೇಗ ಎಷ್ಟೋ ಕಾಗದ ಡೆವಲಪರಿನಲ್ಲಿರುವುದು ಅಷ್ಟೇ ಹೊತ್ತು, ಹದಿನೈದು ಇಪ್ಪತ್ತು ಸೆಕೆಂಡು. ಅಷ್ಟರೊಳಗೆ ಕಪ್ಪು ಪೂರ್ತಿ ಕಪ್ಪಾಗಲೇಬೇಕು, ಬಿಳಿ ಬಿಳಿಯಾಗಿಯೇ ಉಳಿಯಬೇಕು. ಬೆಳಿಗ್ಗೆ ಹಾಕಿದ ಕಾಗದಕ್ಕೂ ಸಂಜೆಯ ಕಾಗದಕ್ಕೂ ವ್ಯತ್ಯಾಸ ಕಾಣಕೂಡದು.

ಟ್ರೇಯಲ್ಲಿ ಎಲ್ಲರ ಕೈಗೂ ಬಂದಿದ್ದ ಸೂತ್ರ ಕೊಡಾಕಿನ ಡಿ-72. ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ಸೋಡಿಯಂ ಕಾರ್ಬೊನೇಟ್ ಮಾನೋಹೈಡ್ರೇಟ್ 80 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಬಳಸುವಾಗ ಒಂದು ಪಾಲಿಗೆ ಎರಡು ಪಾಲು ನೀರು. ಮೊದಲು ಮೆಟಾಲನ್ನೇ ಕರಗಿಸಬೇಕು, ಯಾಕೆಂದರೆ ಸಲ್ಫೈಟ್ ತುಂಬಿದ ನೀರಿನಲ್ಲಿ ಅದು ಕರಗಲು ಹಟ ಮಾಡುತ್ತದೆ. ಅಂಗಡಿಯಲ್ಲಿ ಕೊಟ್ಟ ಸೋಡಾ ಯಾವುದೆಂದು ಕೇಳದೆ ತೂಕ ಹಾಕಿದರೆ ಕೆಟ್ಟಿತು. ಒಣ ಕಾರ್ಬೊನೇಟ್ ಆದರೆ 67.5 ಗ್ರಾಂ ಸಾಕು, ಹರಳು ಹರಳಾಗಿರುವ ವಾಷಿಂಗ್ ಸೋಡಾ ಆದರೆ ಸುಮಾರು 180 ಗ್ರಾಂ ಬೇಕು. ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು.

ಸಲ್ಫೈಟ್ ಈ ದ್ರಾವಣದ ಕಾವಲುಗಾರ. ಗಾಳಿಯಲ್ಲಿನ ಆಮ್ಲಜನಕ, ಬೆಳ್ಳಿಯನ್ನು ಕಪ್ಪಾಗಿಸುವ ಮೆಟಾಲ್, ಹೈಡ್ರೋಕ್ವಿನೋನನ್ನು ಕೆಡಿಸುವ ಮೊದಲು ತಾನು ಅದನ್ನು ಎದುರಿಸಿ ಸವೆಯುತ್ತದೆ. ಬಳ್ಳಾರಿಯವರಿಗೆ ಇದರ ಕುಲ ಹೊಸದೇನಲ್ಲ. ಜೀನ್ಸ್ ವಾಷಿಂಗ್ ಘಟಕಗಳಲ್ಲಿ ಪ್ಯಾಂಟಿನ ಮೇಲೆ ಪರ್ಮ್ಯಾಂಗನೇಟ್ ಹೊಡೆದು ಮಾಸಿದ ಬಣ್ಣ ತರಿಸಿದ ಮೇಲೆ, ಅದರ ಕಂದನ್ನು ತೆಗೆಯಲು ಬಳಸುವ ಮೆಟಾಬೈಸಲ್ಫೈಟ್ ಇದರ ಒಡಹುಟ್ಟಿದ್ದೇ. ಹಾಗಂತ ವಾಷಿಂಗ್ ಘಟಕದ ಚೀಲದಿಂದ ಒಂದು ಹಿಡಿ ತಂದು ಡೆವಲಪರಿಗೆ ಹಾಕಬೇಡಿ. ಮೆಟಾಬೈಸಲ್ಫೈಟ್ ಆಮ್ಲದ ಕಡೆಯದು, ಸೋಡಾದ ಕ್ಷಾರವನ್ನು ತಿಂದುಹಾಕಿ ಡೆವಲಪರನ್ನು ಮಂದ ಮಾಡುತ್ತದೆ.

ಹಾಗಾದರೆ ಡಿ-72 ಅನ್ನೇ ಮಷೀನಿಗೆ ಸುರಿದರೆ ಏನು ಕಷ್ಟ? ಸುರಿಯಬಹುದು, ಒಂದೆರಡು ದಿನ ಚಿತ್ರವೂ ಬರುತ್ತದೆ. ಆಮೇಲೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಕಾಗದ ಕಪ್ಪಾದಷ್ಟೂ ಅದರಿಂದ ಬ್ರೋಮೈಡ್ ಬಿಡುಗಡೆಯಾಗಿ ದ್ರಾವಣದಲ್ಲಿ ಸೇರುತ್ತ ಹೋಗುತ್ತದೆ. ಮೆಟಾಲ್ ಬ್ರೋಮೈಡಿಗೆ ಬೇಗ ಬಗ್ಗುತ್ತದೆ, ಕೆಲಸ ನಿಧಾನವಾಗುತ್ತದೆ. ಟ್ರೇಯಲ್ಲಾದರೆ ಹೊತ್ತು ಹೆಚ್ಚಿಸಿ ಸರಿದೂಗಿಸಬಹುದು, ಮಷೀನಿನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಇಲ್ಫರ್ಡ್ ಕಂಪನಿಯಲ್ಲಿ ಕೆಂಡಾಲ್ ಎಂಬವರು 1940ರಲ್ಲಿ ಗುರುತಿಸಿದ ಫೆನಿಡೋನ್ ಈ ವಿಷಯದಲ್ಲಿ ಗಟ್ಟಿ. ಮೆಟಾಲಿನ ಹತ್ತನೇ ಒಂದರಷ್ಟು ಹಾಕಿದರೆ ಸಾಕು, ಬ್ರೋಮೈಡ್ ಏರಿದರೂ ಹೆಚ್ಚು ಕುಗ್ಗುವುದಿಲ್ಲ. ಮೆಟಾಲ್ ಕೆಲವರ ಬೆರಳಿಗೆ ತರುವ ತುರಿಕೆ, ಹುಣ್ಣುಗಳ ಕಾಟವೂ ಇದರಲ್ಲಿ ಕಡಿಮೆ. ಮಷೀನಿಗೆಂದೇ ಮಾಡಿದ ಡೆವಲಪರುಗಳ ಬೆನ್ನೆಲುಬು ಫೆನಿಡೋನ್ ಅಥವಾ ಕ್ಷಾರದಲ್ಲಿ ಅದಕ್ಕಿಂತ ಹೆಚ್ಚು ಕಾಲ ಬಾಳುವ ಅದರ ತಮ್ಮ ಡೈಮೆಜೋನ್, ಜೊತೆಗೆ ಹೈಡ್ರೋಕ್ವಿನೋನ್. ಸೋಡಿಯಂ ಲವಣಗಳ ಬದಲು ಚೆನ್ನಾಗಿ ಕರಗುವ ಪೊಟ್ಯಾಸಿಯಂ ಲವಣ ಬಳಸುವುದರಿಂದ ಇವು ಗಾಢ ದ್ರವವಾಗಿ ಕ್ಯಾನಿನಲ್ಲಿ ಬರುತ್ತವೆ.

ಎರಡನೆಯ ಪೆಟ್ಟು ಗಾಳಿಯದು. ಟ್ರೇಯಲ್ಲಿ ದ್ರಾವಣದ ಮೇಲ್ಮೈ ಮಾತ್ರ ಗಾಳಿಗೆ ತೆರೆದಿರುತ್ತದೆ. ಮಷೀನಿನಲ್ಲಿ ಪ್ರತಿ ರೋಲರೂ ತಿರುಗುವಾಗ ಡೆವಲಪರಿನ ತೆಳ್ಳನೆಯ ಪದರವೊಂದನ್ನು ಮೇಲೆತ್ತಿ ಗಾಳಿಗೆ ತೋರಿಸಿ ಮತ್ತೆ ಮುಳುಗಿಸುತ್ತದೆ. ಬಿಸಿಯಾದ ದ್ರಾವಣ, ಸತತ ತಿರುಗಾಟ, ಮೇಲೆ ಬಳ್ಳಾರಿಯ ಒಣ ಗಾಳಿ. ಸಲ್ಫೈಟ್ ಬೇಗ ಖಾಲಿಯಾಗುತ್ತದೆ, ನೀರು ಆವಿಯಾಗುತ್ತದೆ. ಕೆಟ್ಟ ಹೈಡ್ರೋಕ್ವಿನೋನ್ ಕಂದು ಟಾರಿನಂತೆ ರೋಲರಿಗೆ ಅಂಟಿ, ಮರುದಿನ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಒಂದು ಕಾಗದವನ್ನೂ ಹಾಕದಿದ್ದರೂ ಡೆವಲಪರ್ ಸವೆದಿರುತ್ತದೆ.

ಇಲ್ಲೇ ಲೆಕ್ಕ ಬರುವುದು. ಮಷೀನ್ ಡೆವಲಪರಿಗೆ ಮರುಪೂರಣ ಬೇಕು: ಕಾಗದ ತಿಂದದ್ದಕ್ಕೆ ಸಮನಾಗಿ ಹೊಸ ದ್ರಾವಣ ಸೇರುತ್ತಲೇ ಇರಬೇಕು, ಹಳೆಯದು ಉಕ್ಕಿ ಹೋಗುತ್ತಿರಬೇಕು. ದಿನವಿಡೀ ಕಾಗದ ಓಡಿದರೆ ತೊಟ್ಟಿಯೊಳಗಿನದು ಎರಡು ಮೂರು ದಿನದಲ್ಲಿ ಪೂರ್ತಿ ಬದಲಾಗಿ ಗಾಳಿಗೆ ಕೆಡಿಸಲು ಹೊತ್ತೇ ಸಿಗುವುದಿಲ್ಲ. ಮರುಪೂರಣದ ಪ್ರಮಾಣವನ್ನು ಚದರ ಮೀಟರಿಗೆ ಇಂತಿಷ್ಟು ಎಂದು ಹೇಳುತ್ತಾರೆ. ಒಂದು ಚದರ ಮೀಟರ್ ಎಂದರೆ 8×10 ಅಂಗುಲದ ಕಾಗದ ಸುಮಾರು 20. ಪಾಸ್‌ಪೋರ್ಟ್ ಫೋಟೊದ ಲೆಕ್ಕ ನೋಡಿ. 4×6 ಅಂಗುಲದ ಒಂದು ಹಾಳೆಯಲ್ಲಿ 8 ಚಿತ್ರ ಕೂರುತ್ತವೆ, ಒಂದು ಚದರ ಮೀಟರಿಗೆ ಅಂಥ ಹಾಳೆ ಸುಮಾರು 65, ಎಂದರೆ 500ಕ್ಕೂ ಹೆಚ್ಚು ಪಾಸ್‌ಪೋರ್ಟ್ ಫೋಟೊ. ಸಿರುಗುಪ್ಪದ ಬಸ್ ನಿಲ್ದಾಣದ ಬಳಿ ಅಂಗಡಿ ಇಟ್ಟುಕೊಂಡಿದ್ದವರಿಗೆ ಒಂದು ದಿನದಲ್ಲಿ ಅಷ್ಟು ಮುಖ ಎಲ್ಲಿಂದ ಬರಬೇಕಿತ್ತು? ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ವಾರ, ಪಿಂಚಣಿ ಅಥವಾ ಬ್ಯಾಂಕ್ ಪಾಸ್‌ಬುಕ್ಕಿಗೆ ಫೋಟೊ ಕೇಳಿದ ದಿನ, ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ಸಂದಣಿ, ಇಂಥವನ್ನು ಬಿಟ್ಟರೆ ಮಷೀನಿನ ಹೊಟ್ಟೆ ತುಂಬುತ್ತಿರಲಿಲ್ಲ. ಹಳೆಯ ಸ್ಟುಡಿಯೋದವರು ಮಷೀನ್ ಕೊಳ್ಳದೆ ಟ್ರೇಯಲ್ಲೇ ಉಳಿದದ್ದು ಹಿಂದುಳಿದಿದ್ದರಿಂದ ಎಂದು ನಾನು ಒಪ್ಪುವುದಿಲ್ಲ. ಅವರ ವ್ಯಾಪಾರಕ್ಕೆ ಅದೇ ಸರಿಯಾದ ಲೆಕ್ಕವಾಗಿತ್ತು.

ಬಿಸಿಲಿನ ಜೊತೆಗಿನ ಈ ಗುದ್ದಾಟ ಈ ಸೀಮೆಗೆ ಹಳೆಯದು. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ 1856ರಲ್ಲಿ ಹಂಪಿಯ ಫೋಟೊ ತೆಗೆದಾಗ ಹಂಪಿ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಒಂದೂಕಾಲು ಅಡಿಗಿಂತ ದೊಡ್ಡ ಕಾಗದದ ನೆಗೆಟಿವ್‌ಗಳು ಅವು. ಆ ಕಾಲದ ಕಾಗದ ನೆಗೆಟಿವ್‌ಗಳ ಡೆವಲಪರ್ ಗ್ಯಾಲಿಕ್ ಆಸಿಡ್. ನಮ್ಮ ಅಳಲೆಕಾಯಿಯಲ್ಲಿರುವ ಒಗರಿನ ಬಳಗಕ್ಕೆ ಸೇರಿದ್ದು. ಮೇಣ ಸವರಿದ ಕಾಗದ ಅದರಲ್ಲಿ ಗಂಟೆಗಟ್ಟಲೆ ಮಲಗಿರಬೇಕಿತ್ತು. ಅಂಥ ಕಾಗದಕ್ಕೆ ಒಂದು ಅನುಕೂಲವಿತ್ತು, ಮೊದಲೇ ತಯಾರಿಸಿ ಒಣಗಿಸಿ ಇಟ್ಟುಕೊಂಡು ನಿಧಾನವಾಗಿ ಬಳಸಬಹುದಿತ್ತು. ಗಾಜಿನ ತಟ್ಟೆಗೆ ಕೊಲೋಡಿಯನ್ ಸುರಿದು ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾದ ಪದ್ಧತಿ ಆಗಲೇ ಬಂದಿದ್ದರೂ, ಸುಡುವ ಬಂಡೆಗಳ ನಡುವೆ ಆ ಅವಸರ ಎಷ್ಟು ತ್ರಾಸದ್ದೆಂದು ಹಂಪಿಯಲ್ಲಿ ಮಧ್ಯಾಹ್ನ ನಡೆದಾಡಿದ ಯಾರಿಗಾದರೂ ಗೊತ್ತಾಗುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು.

ಇನ್ನು ನೀರು. ಬಳ್ಳಾರಿ ನಗರ ಕುಡಿಯುವುದು ಕಾಲುವೆಯಲ್ಲಿ ಬಂದು ಅಲ್ಲೀಪುರದಂಥ ಕೆರೆಗಳಲ್ಲಿ ನಿಂತ ತುಂಗಭದ್ರೆಯ ನೀರು. ಸಿರುಗುಪ್ಪಕ್ಕೆ ಹೊಳೆಯೇ ಮಗ್ಗುಲಲ್ಲಿದೆ. ಕುರುಗೋಡು ಗುಡ್ಡದ ಊರು, ಬೆಣಚುಕಲ್ಲಿನ ನಾಡಿನಲ್ಲಿ ಬೋರ್‌ವೆಲ್ ನೀರು ಗಡುಸಾಗಿರುವುದೇ ಹೆಚ್ಚು. ಕಾಲುವೆ ಬಂದ್ ಆದ ತಿಂಗಳುಗಳಲ್ಲಿ ನಗರದ ಮನೆಗಳೂ ಬೋರಿನ ನೀರಿಗೇ ಬರುತ್ತವೆ. ಗಡುಸು ನೀರಿನ ಸುಣ್ಣದಂಶ ಡೆವಲಪರಿನ ಕಾರ್ಬೊನೇಟ್, ಸಲ್ಫೈಟುಗಳ ಜೊತೆ ಸೇರಿ ಬಿಳಿ ಕೆಸರಾಗುತ್ತದೆ. ಟ್ರೇಯಲ್ಲಿ ಅದು ತಳಕ್ಕಿಳಿಯುತ್ತದೆ, ಒರೆಸಿದರೆ ಹೋಯಿತು. ಮಷೀನಿನಲ್ಲಿ ರೋಲರ್, ಗಿಯರ್, ಪಂಪಿನ ಜಾಲರಿ ಎಲ್ಲಕ್ಕೂ ಕಟ್ಟುತ್ತದೆ. ಮಷೀನ್ ಡೆವಲಪರಿನಲ್ಲಿ ಇಡಿಟಿಎಯಂಥ, ಸುಣ್ಣ-ಕಬ್ಬಿಣವನ್ನು ಹಿಡಿದಿಡುವ ವಸ್ತು ಇರುವುದು ಇದಕ್ಕೇ. ಕೈಯಲ್ಲೇ ಕಲಸುವವರು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಲೀಟರಿಗೆ ಒಂದೆರಡು ಗ್ರಾಂ ಸೇರಿಸುತ್ತಾರೆ. ಎಲ್ಲಕ್ಕಿಂತ ಸುಲಭದ ದಾರಿ, ಊರೂರಿನಲ್ಲೂ ಇರುವ ಶುದ್ಧ ಕುಡಿಯುವ ನೀರಿನ ಘಟಕದ 20 ಲೀಟರ್ ಕ್ಯಾನು. ಡೆವಲಪರ್ ಕಲಸಲು ಆ ನೀರು, ತೊಳೆಯಲು ನಲ್ಲಿ ನೀರು.

ಈಚೆಗೆ ಪರಿಸರದ ಹೆಸರಿನಲ್ಲಿ ವಿಟಮಿನ್ ಸಿ ಆಧಾರದ ಡೆವಲಪರುಗಳನ್ನು ಹೊಗಳುತ್ತಾರೆ. ಹೈಡ್ರೋಕ್ವಿನೋನ್ ನೀರಿನ ಜೀವಿಗಳಿಗೆ ವಿಷ, ಅದರ ಬದಲು ಆಸ್ಕಾರ್ಬೇಟ್ ಬಳಸುವುದು ತತ್ವದಲ್ಲಿ ಒಳ್ಳೆಯದೇ. ಆದರೆ ಬಳ್ಳಾರಿಯ ಮಷೀನಿಗೆ ನಾನು ಅದನ್ನು ಹೇಳುವುದಿಲ್ಲ. ನೀರಿನಲ್ಲಿ ಕಬ್ಬಿಣ, ತಾಮ್ರದ ಲೇಶವಿದ್ದರೆ ಆಸ್ಕಾರ್ಬೇಟ್ ಬೇಗ ಕೆಡುತ್ತದೆ. ಅದಿರಿನ ಲಾರಿಗಳ ಕೆಂಪು ಧೂಳು ಕಿಟಕಿಯ ಸಂದಿಗೂ ಬರುವ ಜಿಲ್ಲೆಯಲ್ಲಿ ಕಬ್ಬಿಣವನ್ನು ದೂರವಿಡುವುದು ಹೇಗೆ? ಅದಕ್ಕಿಂತ ದೊಡ್ಡ ತಕರಾರು, ಅದು ಸತ್ತರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಹೈಡ್ರೋಕ್ವಿನೋನ್ ಇರುವ ಡೆವಲಪರ್ ಹಳದಿಯಾಗಿ, ಟೀ ಬಣ್ಣಕ್ಕೆ ತಿರುಗಿ, ಕಡೆಗೆ ಕಾಫಿಯಾಗಿ ತನ್ನ ಸ್ಥಿತಿ ತಾನೇ ಹೇಳುತ್ತದೆ. ಕಣ್ಣಿಲ್ಲದ ಮಷೀನಿಗೆ ಹೀಗೆ ಮುನ್ಸೂಚನೆ ಕೊಡುವ ದ್ರಾವಣವೇ ವಾಸಿ.

ಎಕ್ಸ್‌ರೇ ಡೆವಲಪರಿನ ಮಾತೂ ಬರುತ್ತದೆ. ಸುಲಭವಾಗಿ ಸಿಗುತ್ತದೆ, ಅಗ್ಗ, ಮಷೀನಿಗೇ ಮಾಡಿದ್ದು. ಕಾಗದವೂ ಅದರಲ್ಲಿ ಕರ್ರಗಾಗುತ್ತದೆ. ಆದರೆ ಮಷೀನಿಗೆ ಬರುವ ಎಕ್ಸ್‌ರೇ ಡೆವಲಪರಿನಲ್ಲಿ ಫಿಲ್ಮಿನ ಜೆಲಟಿನ್ ಬಿಸಿಗೆ ಉಬ್ಬಿ ಅಂಟದಂತೆ ಗಟ್ಟಿ ಮಾಡುವ ಗ್ಲೂಟರಾಲ್ಡಿಹೈಡ್ ಇರುವುದು ಸಾಮಾನ್ಯ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕಣ್ಣು, ಗಂಟಲಿಗೆ ಕೆಟ್ಟದ್ದು. ಬಿಸಿ ಹೆಚ್ಚಾದಾಗ ಕಾಗದದ ಬಿಳಿ ಭಾಗ ಬೂದಾಗುವ ಅಪಾಯವೂ ಉಂಟು. ಎಕ್ಸ್‌ಹಾಸ್ಟ್ ಫ್ಯಾನ್ ಇಲ್ಲದ ಕಡೆ ಇದರ ಹತ್ತಿರ ಹೋಗಬಾರದು ಎಂಬುದು ನನ್ನ ನಿಲುವು. ಈಗ ಆಸ್ಪತ್ರೆಗಳೂ ಡಿಜಿಟಲ್ ಆಗಿ, ಅಗ್ಗದ ಮಾಲು ಸಿಗುವ ದಾರಿಯೂ ಸಣ್ಣದಾಗುತ್ತಿದೆ.

ಹೀಗಾಗಿ ಒಂದೇ ಉತ್ತರ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಈ ಮೂರೂ ಊರಿಗೆ ಹೊಂದುವುದಿಲ್ಲ. ನಗರದಲ್ಲಿ ಕಾಲೇಜೋ ಛಾಯಾಚಿತ್ರ ಬಳಗವೋ ಮಷೀನ್ ನಡೆಸುವುದಾದರೆ, ಮಷೀನಿಗೆಂದೇ ಬರುವ ಫೆನಿಡೋನ್ ಬಗೆಯ ದ್ರವ ಡೆವಲಪರ್ ಕೊಳ್ಳಲಿ. ಆದರೆ ಕೆಲಸವನ್ನು ಕೂಡಿಟ್ಟು ವಾರಕ್ಕೊಂದು ದಿನ ಮಾಡಲಿ, ಅದೂ ಮಾರ್ಚಿನಿಂದ ಜೂನಿನವರೆಗೆ ರಾತ್ರಿ ಹೊತ್ತು. ಕೆಲಸ ಮುಗಿದ ಕೂಡಲೇ ಡೆವಲಪರನ್ನು ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಬೇಕು, ರೋಲರುಗಳನ್ನು ಹೊರತೆಗೆದು ಬಿಸಿನೀರಿನಲ್ಲಿ ತೊಳೆಯಬೇಕು. ತೊಟ್ಟಿಯಲ್ಲೇ ಬಿಟ್ಟು ಮನೆಗೆ ಹೋದರೆ ಮುಂದಿನ ವಾರಕ್ಕೆ ಉಳಿಯುವುದು ಟಾರು.

ಕಾಗದ ಆರ್‌ಸಿ ಆಗಿರಬೇಕು, ಎಂದರೆ ಎರಡೂ ಮೈಗೆ ಪ್ಲಾಸ್ಟಿಕ್ ಲೇಪವಿರುವುದು. ನಾರಿನ ಕಾಗದ ದ್ರಾವಣ ಹೀರಿಕೊಂಡು ಮೆತ್ತಗಾಗಿ ರೋಲರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ತೊಳೆಯಲು ತುಂಬಾ ಹೊತ್ತು ನೀರು ಹರಿಸಬೇಕು, ಆರ್‌ಸಿಗೆ ಎರಡು ನಿಮಿಷ ಸಾಕು. ನಲ್ಲಿ ಕೆಲವು ದಿನಕ್ಕೊಮ್ಮೆ ಬರುವ ಬಡಾವಣೆಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕುರುಗೋಡಿನಂಥ ಊರಿಗೆ ಒಂದು ಮಧ್ಯದ ದಾರಿಯಿದೆ, ನನಗೆ ಇದೇ ಹೆಚ್ಚು ಇಷ್ಟ. ಎರಡು ಸೆಂಟಿಮೀಟರ್ ಅಗಲದ, ನಿಂತ ಕಿರಿದಾದ ತೊಟ್ಟಿಗಳಲ್ಲಿ ಕಾಗದವನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಳಿಬಿಡುವುದು. 8×10ರ ಟ್ರೇಯಲ್ಲಿ ಗಾಳಿಗೆ ತೆರೆದ ಮೇಲ್ಮೈ 500 ಚದರ ಸೆಂಟಿಮೀಟರಿಗೂ ಹೆಚ್ಚು, 30 ಸೆಂಟಿಮೀಟರ್ ಉದ್ದದ ಈ ಸಂದಿನಲ್ಲಿ 60 ಮಾತ್ರ. ಮೇಲೊಂದು ಮುಚ್ಚಳ ಹಾಕಿದರೆ ದ್ರಾವಣ ವಾರಗಟ್ಟಲೆ ಬಾಳುತ್ತದೆ. ಹೊರದೇಶದಲ್ಲಿ ಇದು ಸಿದ್ಧವಾಗಿ ಸಿಗುತ್ತದೆ, ನಮ್ಮಲ್ಲಿ ಅಕ್ರಿಲಿಕ್ ಹಾಳೆ ಕತ್ತರಿಸಿ ಬೋರ್ಡ್ ಮಾಡುವವರು ಅಂಟಿಸಿಕೊಟ್ಟಾರು. ಇದಕ್ಕೆ ದುಬಾರಿ ಮಷೀನ್ ದ್ರಾವಣ ಬೇಕಿಲ್ಲ, ಡಿ-72 ನಡೆಯುತ್ತದೆ. ಸಿರುಗುಪ್ಪದ ಒಬ್ಬಂಟಿ ಹವ್ಯಾಸಿಗೆ ಟ್ರೇಯೇ ಸಾಕು. ಟ್ರೇಯ ಕೆಳಗೆ ಇನ್ನೊಂದು ದೊಡ್ಡ ಟ್ರೇ ಇಟ್ಟು ಅದರಲ್ಲಿ ಐಸ್ ನೀರು. ಐಸನ್ನು ಡೆವಲಪರಿನೊಳಗೇ ಹಾಕಿದರೆ ಅದು ಕರಗಿ ದ್ರಾವಣ ತೆಳುವಾಗುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಳುಗಿಸಿದರೆ ತೊಂದರೆಯಿಲ್ಲ.

ಡೆವಲಪರಿನ ನಂತರ ಚಿತ್ರವನ್ನು ಸ್ಥಿರಗೊಳಿಸಲು ಬಳಸಿದ ಹೈಪೋ ಚೆಲ್ಲುವಂಥದ್ದಲ್ಲ, ಕಾಗದದಿಂದ ಬಿಟ್ಟ ಬೆಳ್ಳಿ ಅದರಲ್ಲಿರುತ್ತದೆ. ಹಿಂದೆ ಸ್ಟುಡಿಯೋಗಳಿಂದ ಅದನ್ನು ಕೊಂಡೊಯ್ದು ಬೆಳ್ಳಿ ತೆಗೆಯುವವರಿದ್ದರು. ಸತ್ತ ಡೆವಲಪರಿಗೆ ಅಂಥ ಗಿರಾಕಿ ಇಲ್ಲ. ಅದನ್ನು ಕಾಲುವೆಗೋ ಹಗರಿಗೋ ಸೇರುವ ಮೋರಿಗೆ ಸುರಿಯದೆ, ಅಗಲ ಬಾಯಿಯ ಡ್ರಮ್ಮಿನಲ್ಲಿ ಬಿಟ್ಟು ಒಣಗಿಸಿ, ಉಳಿದ ಗಷ್ಟನ್ನು ಅಪಾಯಕಾರಿ ಕಸ ಒಯ್ಯುವವರಿಗೆ ಕೊಡುವುದು ಮೇಲು. ಆವಿ ಮಾಡುವ ಕೆಲಸದಲ್ಲಿ ಮಾತ್ರ ಬಳ್ಳಾರಿಯ ಬಿಸಿಲು ನಮ್ಮ ಪಕ್ಷ.

ಯಾವ ಡೆವಲಪರ್ ಆರಿಸಿದರೂ ಮೊದಲ ದಿನ, ದ್ರಾವಣ ಹೊಸದಿದ್ದಾಗ, ಬೂದು ಬಣ್ಣದಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಕೊಟ್ಟ ಒಂದು ಪಟ್ಟಿ ತೊಳೆದು ಗೋಡೆಗೆ ಅಂಟಿಸಿಟ್ಟುಕೊಳ್ಳಬೇಕು. ಪ್ರತಿ ಸಲ ಮಷೀನ್ ಶುರು ಮಾಡಿದಾಗ ಅದೇ ಬೆಳಕಿನಲ್ಲಿ ಇನ್ನೊಂದು ಪಟ್ಟಿ ಬಿಟ್ಟು, ಒಣಗಿಸಿ, ಪಕ್ಕಕ್ಕಿಟ್ಟು ಹಗಲಿನಲ್ಲಿ ನೋಡಬೇಕು. ಹಸಿ ಕಾಗದ ಒಣಗಿದ ಮೇಲೆ ತುಸು ಗಾಢವಾಗುವುದರಿಂದ ಕೆಂಪು ಬಲ್ಬಿನ ಕೆಳಗಿನ ತೀರ್ಪು ನಂಬಲಾಗದು. ಕಡು ಕಪ್ಪಿನ ಮೆಟ್ಟಿಲು ಗೋಡೆಯ ಪಟ್ಟಿಗಿಂತ ಪೇಲವವಾಗಿದ್ದರೆ ಮರುಪೂರಣ ಹೆಚ್ಚಿಸಿ ಇನ್ನೊಂದು ಪಟ್ಟಿ ಬಿಡಿ. ಅದೂ ಹಾಗೇ ಬಂದರೆ ತೊಟ್ಟಿ ಖಾಲಿ ಮಾಡಿ, ಆ ದಿನದ ಕೆಲಸವನ್ನು ಟ್ರೇಗೆ ತೆಗೆದುಕೊಳ್ಳಿ.